ಮೊಣಕಾಲೆತ್ತರದ ಕಿಟಕಿ

ಪಶ್ಚಿಮ ಆಫ್ರಿಕಾದ ಒಂದು ಪುಟ್ಟ ದೇಶ. ಅಲ್ಲಿನ ಜನ ಹತ್ತು ವರ್ಷ ತಮ್ಮತಮ್ಮಲ್ಲೇ ಹೊಡೆದಾಡಿ, ಸಾಕಪ್ಪಾ ಸಾಕು ಅಂತ ಬಂದೂಕು ಕೆಳಗಿಟ್ಟು ಮೂರು ವರ್ಷವಾಗಿತ್ತು.

ಅಲ್ಲೊಂದು ನದಿ. ದಂಡೆಯ ಮಾವಿನ ಮರದ ಕೆಳಗೆ ಸಿದಿಕಿ ಎಂಬ ಗುರುಗಳು. ಒಂದು ಬೆಳಿಗ್ಗೆ ಅವರ ಹಳೆಯ ಶಿಷ್ಯ ಲಾಮಿನ್ ಕೋಟು ಟೈ ಸಮೇತ ಬಂದವನೇ ಮಣ್ಣಿನಲ್ಲಿ ದೊಪ್ಪನೆ ಕೂತ.

ಲಾಮಿನ್ ಈಗ ಜಿಲ್ಲಾ ಕಚೇರಿಯ ದೊಡ್ಡ ಸಾಹೇಬ. ಕಚೇರಿಯನ್ನು ಸುಧಾರಿಸು ಅಂತ ರಾಜಧಾನಿಯವರೇ ಕಳಿಸಿದ್ದರು.

"ಕೆಟ್ಟೆ ಗುರುಗಳೇ! ಜಮೀನಿನ ಪತ್ರಗಳೆಲ್ಲ ಯುದ್ಧದಲ್ಲಿ ಸುಟ್ಟುಹೋದವು. ಈ ತಿಂಗಳೊಳಗೆ ಜನ ಬಂದು ಹೊಸದಾಗಿ ಬರೆಸಬೇಕು. ಬರೆಸದ ಹೊಲ ಸರ್ಕಾರದ ಪಾಲು. ಹೊಲ ಹೋದವರು ಸುಮ್ಮನಿರ್ತಾರಾ? ಮತ್ತೆ ಬಂದೂಕು ಹುಡುಕ್ತಾರೆ."

"ಎಷ್ಟು ಜನ ಬಂದರು?"

"ಆರು. ಅದರಲ್ಲಿ ಇಬ್ಬರು ದಾರಿ ಕೇಳೋಕೆ ಬಂದವರು."

ಗುರುಗಳು ನಗು ತಡೆದುಕೊಂಡರು. "ನೀನೇನು ಮಾಡಿದೆ?"

"ಏನು ಮಾಡಿಲ್ಲ ಕೇಳಿ! ಗೋಡೆಗೆ ನೀಲಿ ಬಣ್ಣ ಹೊಡೆಸಿದೆ. 'ನಿಮ್ಮ ಸೇವೆಯೇ ನಮ್ಮ ಭಾಗ್ಯ' ಅಂತ ಬೋರ್ಡು ಹಾಕಿಸಿದೆ. ಗುಮಾಸ್ತರಿಗೆ ಮೂರು ದಿನ ನಗೋದಕ್ಕೆ ತರಬೇತಿ ಕೊಡಿಸಿದೆ."

"ನನ್ನದೂ ಒಂದು ಮರಗೆಣಸಿನ ಹೊಲ ಇದೆಯಪ್ಪ. ನಾಳೆ ಬರ್ತೀನಿ," ಅಂದರು ಗುರುಗಳು.

ಮರುದಿನ ಲಾಮಿನ್ ಕಚೇರಿಯೊಳಗೆ ಗುಮಾಸ್ತೆ ಜೆನೆಬುವಿನ ಪಕ್ಕದಲ್ಲೇ ಕೂತಿದ್ದ. ಜನರ ಜೊತೆ ಮಾತಾಡಲು ಅಲ್ಲಿದ್ದದ್ದು ಒಂದೇ ಕಿಟಕಿ. ಅದೂ ಹೊರಗಿನವರ ಮೊಣಕಾಲಿನ ಎತ್ತರಕ್ಕೆ, ಒಂದು ತಲೆ ಹಿಡಿಸುವಷ್ಟು.

ಕಿಟಕಿಯಾಚೆ ಬಿಳಿ ನಿಲುವಂಗಿಯೊಂದು ಬಂದು ನಿಂತಿತು.

"ಬಗ್ಗಿ ಮಾತಾಡಿ," ಅಂದಳು ಜೆನೆಬು, ತರಬೇತಿಯಲ್ಲಿ ಕಲಿಸಿದಷ್ಟೂ ಹಲ್ಲು ಬಿಟ್ಟು.

ನಿಲುವಂಗಿ ಅಲ್ಲಾಡಲಿಲ್ಲ. "ನಮಾಜಿಗೆ ಬಗ್ತೀನಿ, ನಾಟಿಗೆ ಬಗ್ತೀನಿ. ಇಲ್ಲಿ ಯಾಕಮ್ಮ?"

"ಮುಖ ನೋಡದೆ ಬರೆಯೋ ಹಾಗಿಲ್ಲ ಅಜ್ಜಾ."

"ನಿನ್ನ ಮುಖ ನನಗೂ ಕಾಣ್ತಿಲ್ಲವಲ್ಲ ತಾಯಿ. ಯಾರನ್ನು ನಂಬಿ ಹೊಲದ ಮಾತಾಡಲಿ?"

ಅಯ್ಯೋ, ಗುರುಗಳ ದನಿ! ಲಾಮಿನ್ ಬಿದ್ದಂಬೀಳ ಹೊರಗೆ ಓಡಿದ.

"ಯುದ್ಧಕಾಲದ ಕಿಟಕಿ ಗುರುಗಳೇ. ಒಳಗಿನವರ ಎದೆಗೆ ಗುಂಡು ಬೀಳಬಾರದು ಅಂತ ಮೇಲಿನದನ್ನು ಮುಚ್ಚಿ ಕೆಳಗೆ ಕೊರೆದಿದ್ದು. ಹಾಗಂತ ನಾನೇನು ಸುಮ್ಮನೆ ಕೂತಿಲ್ಲ. ಜನರ ಮಂಡಿ ನೋಯಬಾರದು ಅಂತ ನಲವತ್ತು ಮೆತ್ತೆಗೆ ಹೇಳಿದ್ದೀನಿ."

"ಭೇಷ್! ಮೆತ್ತೆ ಬರೋ ತನಕ ನೀನೇ ಒಂದು ಸಲ ಮಂಡಿಯೂರಿ ನೋಡು. ಒಳಗೆ ನಾನಿರ್ತೀನಿ."

ಗುರುಗಳು ಹೋಗಿ ಸಾಹೇಬರ ಕುರ್ಚಿಯಲ್ಲಿ ಕೂತರು. ಲಾಮಿನ್ ಪ್ಯಾಂಟು ಕೊಳೆಯಾದೀತೆಂದು ಕರ್ಚೀಫು ಹಾಸಿ, ಮಂಡಿಯೂರಿ, ಕಿಟಕಿಗೆ ಮುಖ ಕೊಟ್ಟ.

"ಹೆಸರು?"

"ಲಾಮಿನ್."

"ಗಟ್ಟಿಯಾಗಿ!"

"ಲಾಮಿನ್... ಸ್ವಾಮಿ."

ಈ ಸ್ವಾಮಿ ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ.

"ಎಲ್ಲಿಂದ ಬಂದೆ? ಯಾರ ಕಡೆಯವನು?"

ಲಾಮಿನ್‌ನ ಎರಡೂ ಕೈ ತಮ್ಮಷ್ಟಕ್ಕೆ ತಾವೇ ತಲೆಯ ಮೇಲೆ ಹೋದವು.

ಹತ್ತು ವರ್ಷ, ದಾರಿಗೊಂದು ತಡೆ. ಬಂದೂಕು ಹಿಡಿದವರ ಮುಂದೆ ಹೀಗೇ ಮಂಡಿಯೂರಿ ಇವೇ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದ. ಅವನೊಬ್ಬನೇ ಅಲ್ಲ, ಇಡೀ ಜಿಲ್ಲೆಯೇ ಕೊಟ್ಟಿತ್ತು. ಯಾರ ಉತ್ತರ ಹಿಡಿಸಲಿಲ್ಲವೋ ಅವರು ಮನೆಗೆ ಬಂದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂತು.

ಒಳಗೆ ಜೆನೆಬುವಿನ ನಗುವೂ ಇಳಿದಿತ್ತು.

ಲಾಮಿನ್ ಎದ್ದು ಮಂಡಿ ಕೊಡವಿಕೊಂಡ. "ಗೋಡೆ ಒಡೆಯೋಕೆ ಅನುಮತಿ ಕೇಳ್ತೀನಿ ಗುರುಗಳೇ. ರಾಜಧಾನಿಯಿಂದ ಬರೋಕೆ ಆರು ತಿಂಗಳಾಗುತ್ತೆ."

"ಮೇಜು ಹೊರಗೆ ತರೋಕೆ?"

ಲಾಮಿನ್ ತಲೆ ಕೆರೆದುಕೊಂಡ. "ಅದಕ್ಕೆ... ನಿಯಮವೇ ಇಲ್ಲ!"

ಆ ಕಡೆ ಸಾಹೇಬ, ಈ ಕಡೆ ಜೆನೆಬು. ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತು, ಟೈ ಮೇಜಿಗೆ ಸಿಕ್ಕಿಕೊಂಡಿತು, 'ನಮ್ಮ ಭಾಗ್ಯ' ಕಳಚಿ ಲಾಮಿನ್‌ನ ತಲೆಯ ಮೇಲೆ ಬಿತ್ತು. ಅಂತೂ ಇಂತೂ ಮೇಜು ಕಚೇರಿಯಂಗಳದ ಮರದ ನೆರಳು ಸೇರಿತು. ಎದುರಿಗೆ ಒಂದು ಬೆಂಚು ಹಾಕಿದರು.

ಮೊದಲು ಬಂದವಳು ಕಚೇರಿಯೆದುರೇ ಮೂರು ವರ್ಷದಿಂದ ಕಡಲೆಕಾಯಿ ಮಾರುತ್ತಿದ್ದ ಹೆಂಗಸು. ಬೆಂಚಿನ ಮೇಲೆ ಆರಾಮಾಗಿ ಕೂತು, ಸಾಹೇಬನ ಮುಖವನ್ನು ಚೆನ್ನಾಗಿ ನೋಡಿ, "ನೀವು ಇಷ್ಟು ಚಿಕ್ಕವರಾ!" ಅಂದಳು. ಆಮೇಲೆ ತನ್ನ ಹೊಲದ ನಾಲ್ಕೂ ಗಡಿ ಹೇಳಿದಳು.

ಸಂಜೆಯ ಹೊತ್ತಿಗೆ ಸಾಲು ಸಂತೆಯ ತನಕ ಬೆಳೆದಿತ್ತು. ಗುರುಗಳೂ ಸಾಲಿನಲ್ಲೇ ನಿಂತು ತಮ್ಮ ಸರದಿಗೆ ಮೇಜಿನ ಹತ್ತಿರ ಬಂದರು.

"ಗುರುಗಳೇ, ರಾಜಧಾನಿಗೆ ವರದಿ ಕಳಿಸಬೇಕು," ಅಂದ ಲಾಮಿನ್. "ಏನು ಸುಧಾರಣೆ ಆಯ್ತು ಅಂತ ಬರೀಲಿ?"

"ಯುದ್ಧ ಮುಗೀತು ಅಂತ ಬರಿ."

"ಅದು ಮುಗಿದು ಮೂರು ವರ್ಷ ಆಯ್ತಲ್ಲ!"

ಗುರುಗಳು ಬೆಂಚಿನ ಮೇಲೆ ಕೂತು ಕಾಲು ಚಾಚಿದರು.

"ನಮಗೆ ಮೂರು ವರ್ಷ ಆಯ್ತಪ್ಪ. ನಿನ್ನ ಗೋಡೆಗೆ ಇವತ್ತು ಸುದ್ದಿ ಮುಟ್ಟಿತು."