ಕಸ ತೆಗೆದ ಚಿತ್ರ

ಕೆರೆಯ ದಂಡೆಯ ಮೇಲಿನ ಆ ಪುಟ್ಟ ಮಠದಲ್ಲಿ ಹಾಲಯ್ಯನವರು ಹೇಳಿಕೊಡುತ್ತಿದ್ದದ್ದು ಒಂದೇ ಪಾಠ. ಬೆಳಗಾದರೆ ಶಿಷ್ಯನ ಕೈಗೆ ಕಸಬರಿಗೆ ಕೊಟ್ಟು, "ಮೊದಲ ಕಸ ತಗಿ" ಎನ್ನುವರು. ಎಲ್ಲರ ಬಾಯಲ್ಲೂ ಅವರು ಅಜ್ಜಾರು.

ಶಿಷ್ಯ ಕೊಟ್ರೇಶ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡೇ ಮಠಕ್ಕೆ ಬಂದವನು. ಮೂರು ವರ್ಷ ಕಸ ಗುಡಿಸಿದ್ದ. ಅವನ ಒಂದು ಚಿತ್ರಕ್ಕೂ ಅಜ್ಜಾರು ಭೇಷ್ ಅಂದಿರಲಿಲ್ಲ. ಆ ಒಂದು ಮಾತಿಗೆ ಅವನ ಜೀವ ಹಪಹಪಿಸುತ್ತಿತ್ತು.

ಚಳಿಗಾಲದ ಒಂದು ಮುಂಜಾನೆ ಅವನಿಗೆ ಮೆಟ್ಟುಗಾಲು ಹಕ್ಕಿಯೊಂದು ಸಿಕ್ಕಿತು. ಕೆರೆಯಂಚಿನಲ್ಲಿ ಗೇಣು ನೀರು, ಮೇಲೆ ಮಂಜು, ನಡುವೆ ಕಡ್ಡಿಯಂಥ ಒಂದೇ ಕೆಂಪು ಕಾಲಿನ ಮೇಲೆ ಹಕ್ಕಿ. ಅವನು ಹತ್ತಿರ ಹೋದರೂ ಹಾರಲಿಲ್ಲ. ತನ್ನ ಪುಣ್ಯ ಎಂದುಕೊಂಡು ಚಿತ್ರ ತೆಗೆದ.

ಆಮೇಲೆ ನಾಲ್ಕು ದಿನ ಕೋಣೆ ಬಿಟ್ಟು ಬರಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತು ಚಿತ್ರ ತಿದ್ದಿದ್ದೇ ತಿದ್ದಿದ್ದು. ಊಟಕ್ಕೆ ಕರೆದರೆ "ಬಂದೆ" ಎನ್ನುವನು, ಬರನು. ಕಸಬರಿಗೆಯನ್ನು ಅಜ್ಜಾರೇ ಹಿಡಿದರು.

ಐದನೆಯ ದಿನ ಮುಂಜಾನೆ ಚಿತ್ರ ತಂದು ಅವರ ಮುಂದಿಟ್ಟ. ಅಜ್ಜಾರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಒಂಟಿಗಾಲಲ್ಲೇ ನಿಂತೈತಲ್ಲೋ."

"ಹೌದ್ರಿ ಅಜ್ಜಾರೆ. ನಾ ಇದ್ದಷ್ಟು ಹೊತ್ತೂ ಹಂಗ ನಿಂತಿತ್ತು. ತಪಸ್ಸಿಗೆ ನಿಂತಂಗ."

"ನೀ ಸನೇಕ ಹೋದ್ರೂ ಹಾರಲಿಲ್ಲ?"

"ಇಲ್ರಿ."

ಅಜ್ಜಾರ ಮುಖ ಸಣ್ಣದಾಯಿತು. "ಇದರಾಗ ಏನೇನ್ ತಗದಿ?"

ಕೊಟ್ರೇಶ ಹಿಗ್ಗಿಹೋದ. "ನೀವ ಹೇಳಿಕೊಟ್ಟದ್ರಿ. ಕಸಾ ಅಷ್ಟೂ ತಗದೀನಿ. ನೀರಾಗ ಎಲಿ ಬಿದ್ದಿದ್ವು, ತಗದೆ. ಒಂದು ಮುರುಕ ಗೂಟ ಇತ್ತು, ತಗದೆ. ಕಾಲಿನ ಹತ್ರ ಕೂದಲದಂಥ ಗೆರಿ ಇತ್ತು, ಅದನ್ನೂ ತಗದೆ."

"ತಗಿಯೂದಕ್ಕ ಮೊದಲಿನ ಚಿತ್ರ ತೋರ್ಸು."

ತೋರಿಸಿದ. ಅಜ್ಜಾರು ಬೆರಳಿಟ್ಟಲ್ಲಿ ದೊಡ್ಡದು ಮಾಡಿದ. ಆ ಗೆರೆ ಗೂಟದಿಂದ ಹೊರಟು, ಹಕ್ಕಿಯ ಮಡಚಿದ ಕಾಲಿಗೆ ಬಂದು, ಅಲ್ಲಿ ನಾಲ್ಕಾರು ಸುತ್ತು ಬಿಗಿದುಕೊಂಡಿತ್ತು. ಮೀನು ಹಿಡಿಯುವವರು ಬಿಟ್ಟುಹೋದ ಗಾಳದ ದಾರ.

ಕೊಟ್ರೇಶ ನಾಲ್ಕು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆ ಕಾಲನ್ನೇ ನೋಡಿದ್ದ. ಅದರ ಕೆಂಪು ಸಾಲದೆಂದು ಇನ್ನಷ್ಟು ಏರಿಸಿದ್ದ.

"ಏಳು" ಎಂದರು ಅಜ್ಜಾರು.

ಇಬ್ಬರೂ ಓಡಿದರು. ಗೂಟ ಅಲ್ಲೇ ಇತ್ತು. ಹಕ್ಕಿಯೂ ಅಲ್ಲೇ ಇತ್ತು, ಕೆಸರಿನ ಮೇಲೆ ಕುತ್ತಿಗೆ ಚಾಚಿಕೊಂಡು. ಮುಟ್ಟಿದರೆ ತಣ್ಣಗಿತ್ತು.

ಕೊಟ್ರೇಶ ಮಠದತ್ತ ತಿರುಗಿ ನೋಡಿದ. "ನಾಕು ದಿನ ಇಲ್ಲೇ ಇತ್ತಲ್ರಿ ಅಜ್ಜಾರೆ. ಕೂಗಿದ್ರ ಕೇಳೂವಷ್ಟು ದೂರದಾಗ." ಅವನಿಗೆ ಅಳು ಬಂತು.

"ಕಸ ತಗಿ ಅಂತ ಹೇಳಿಕೊಟ್ಟಾಂವ ನಾನ" ಎಂದರು ಅಜ್ಜಾರು, ಯಾರಿಗೂ ಅಲ್ಲದಂತೆ.

ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದು ಕೂತರು. ಹಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರ ಬಿಡಿಸತೊಡಗಿದರು. ದಾರ ಚರ್ಮ ಕೊಯ್ದು ಒಳಗೆ ಇಳಿದಿತ್ತು. ವಯಸ್ಸಾದ ಬೆರಳುಗಳಿಗೆ ಎಳೆ ಸಿಗುತ್ತಿರಲಿಲ್ಲ. ಒಂದು ಸುತ್ತು ಬಿಚ್ಚುವಷ್ಟರಲ್ಲಿ ಮಂಜು ಕರಗಿ ಬಿಸಿಲು ಬಂತು.

ಶಿಷ್ಯನಿಗೆ ನೋಡಲಾಗಲಿಲ್ಲ. "ಸತ್ತದ್ದಕ್ಕ ಈಗ ಬಿಡಿಸಿ ಏನು ಬಂತ್ರಿ ಅಜ್ಜಾರೆ? ಏಳ್ರಿ, ಹೋಗೂಣು."

ಅಜ್ಜಾರು ತಲೆ ಎತ್ತಲಿಲ್ಲ.

"ಈ ದಾರ ತಗಿಯಾಕ ನಿನಗ ಎಷ್ಟು ಹೊತ್ತು ಹಿಡೀತು?"

"ಒಂದು ಗಳಿಗೀನೂ ಇಲ್ರಿ."

"ಹಂಗಾದ್ರ ಸ್ವಲ್ಪ ತಡಿಯಪಾ. ನನಗ ಅಷ್ಟು ಲಗೂ ಬರೂದಿಲ್ಲ."