ಮಣಿ ಕೊಂದೋರು ಯಾರು?

"ಕೇಳ್ರಪ್ಪೋ ಕೇಳಿ, ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದ್ರೆ ಹುಡುಗಿ ನಿಮಗೆ, ತಪ್ಪಿದ್ರೆ ತಲೆ ರಾಜರಿಗೆ" ಅಂತ ಡಂಗುರ ಹೊಡೆಸಿದ್ರು. ಬರೀ ತಲೆ ತಗೊಂಡು ರಾಜ ಏನ್ ಮಾಡ್ತಾನೆ ಅಂತ ಯಾರೂ ಕೇಳ್ಲಿಲ್ಲ.

ಮೊದಲು ಬಂದೋನು ಪಕ್ಕದ ರಾಜ್ಯದ ಯುವರಾಜ. "ಮೊದಲು ತೂತು, ಆಮೇಲೆ ಮೈ. ಏನದು?" ಅಂದಳು ಹೊನ್ನಾಂಬೆ. ಹಸಿದಿದ್ದ ಅಂತ ಕಾಣುತ್ತೆ, ಉದ್ದಿನವಡೆ ಅಂದ. ವಡೆಗೆ ಮೈ ಮೊದಲು ಅಂತ ಹೇಳಿ ಸೆರೆಮನೆಗೆ ತಳ್ಳಿದ್ರು. ಆಮೇಲೆ ಬಂದ ದಂಡನಾಯಕನ ಮಗನಿಗೆ ಬೇರೆ ಒಗಟು. "ಇಬ್ಬರು ತಬ್ಬಿಕೊಂಡಿದ್ದಾರೆ. ಮಧ್ಯೆ ಒಬ್ಬ ಇಲ್ಲದಿದ್ರೆ ಬಿಡಿಸೋಕೇ ಆಗಲ್ಲ. ಯಾರವನು?" ಅತ್ತೆ ಅಂದ ಪುಣ್ಯಾತ್ಮ. ಸಭೆಯೆಲ್ಲಾ ನಕ್ಕಿತು, ಅವನೂ ಒಳಗೆ ಹೋದ. ಹುಣ್ಣಿಮೆಗೆ ಇಬ್ಬರ ತಲೆ ಅಂತ ತೀರ್ಮಾನ ಆಯ್ತು.

ಅವತ್ತೇ ಗಾಜಿನ ಮಣಿ ಮಾಡೋ ದುಗ್ಗ ರಾಣೀವಾಸಕ್ಕೆ ಸರ ಕೊಡೋಕೆ ಬಂದಿದ್ದ. ಒಗಟು ಕಿವಿಗೆ ಬಿತ್ತು, ಬಾಯಿ ತಡೀಲಿಲ್ಲ. ಮೊದಲನೇದು ಮಣಿ, ಕಡ್ಡಿ ಮೇಲೆ ಕರಗಿದ ಗಾಜು ಸುತ್ತೋದ್ರಿಂದ ಕಡ್ಡಿ ಇದ್ದ ಜಾಗವೇ ತೂತು ಅಂದ. ಎರಡನೇದು, ಕಡ್ಡಿಗೆ ಮೊದಲೇ ಬಳಿಯೋ ಜೇಡಿಮಣ್ಣು, ಅದಿಲ್ಲದಿದ್ರೆ ಗಾಜು ಕಡ್ಡೀನ ಬಿಡೋದೇ ಇಲ್ಲ ಅಂದ. ಹೇಳಿ ಹೊರಟೋನನ್ನ ರಾಜ ತಡೆದ. ಎರಡು ಹೇಳಿದೋನು ಮೂರನೇದೂ ಹೇಳ್ಬೇಕು, ಇಲ್ಲಾಂದ್ರೆ ತಲೆ.

ಹೊನ್ನಾಂಬೆ ದನಿ ಸಣ್ಣಗಾಯ್ತು. "ಬೆಂಕೀಲಿ ಹುಟ್ಟಿತು, ಚೆನ್ನಾಗೇ ಇತ್ತು. ಬೂದೀಲಿ ಬೆಚ್ಚಗೆ ಮಲಗಿಸಿದೆ. ಬೆಳಗ್ಗೆ ಎರಡು ಹೋಳು. ಕೊಂದೋರು ಯಾರು?"

ದುಗ್ಗ ಅವಳ ಬೆರಳು ನೋಡಿದ. ತುದಿಯೆಲ್ಲಾ ಸುಟ್ಟ ಬೊಬ್ಬೆ. ಓಹೋ, ಇವಳೂ ಕದ್ದು ಮಣಿ ಮಾಡ್ತಾಳೆ.

"ನೀವೇ, ಅಮ್ಮಣ್ಣಿ."

ರಾಜ ಕತ್ತಿಗೆ ಕೈ ಹಾಕಿದ. ದುಗ್ಗ ಮಾತು ನಿಲ್ಲಿಸ್ಲಿಲ್ಲ. "ಬೂದೀಲಿ ಮುಚ್ಚಿದ್ಮೇಲೆ ಮರೀಬೇಕು. ನೀವು ಆಸೆ ತಡೀಲಾರದೆ ಮಧ್ಯೆ ತೆಗೆದು ನೋಡ್ತೀರಾ. ಬಿಸಿ ಮಣಿಗೆ ತಣ್ಣನೆ ಗಾಳಿ ತಾಗಿ ಬಿರಿಯುತ್ತೆ."

ಸರಿಯಾ ಅಂತ ರಾಜ ಮಗಳನ್ನ ಕೇಳಿದ.

"ನಂಗೆ ಗೊತ್ತಿದ್ರೆ ಊರಿಗೆಲ್ಲಾ ಯಾಕೆ ಡಂಗುರ ಹೊಡೆಸ್ತಿದ್ದೆ, ಅಪ್ಪಾಜಿ?"

ಸರಿ, ಪರೀಕ್ಷೆ ಆಗ್ಲಿ ಅಂದ್ರು. ಅವಳು ಎಲ್ಲರೆದುರಿಗೆ ಒಂದು ನೀಲಿ ಮಣಿ ಸುತ್ತಿ ಬೂದೀಲಿ ಹೂತಳು. ಕೈ ಸುಮ್ಮನಿರಲ್ಲ ಅಂತ ಗೊತ್ತಿದ್ದು ದಾಸಿಯರ ಹತ್ರ ಕೈ ಕಟ್ಟಿಸಿಕೊಂಡಳು. ತಲೆ ಕಡಿಯೋ ಕಟುಕ ಕೊಡಲಿ ಹಿಡ್ಕೊಂಡು ಕೂತ, ಅವನಿಗೂ ಕುತೂಹಲ. ಬೆಳಗ್ಗೆ ಬೂದಿ ಸರಿಸಿದ್ರೆ ಮಣಿ ಇಡಿಯಾಗಿತ್ತು.

"ಸ್ವಲ್ಪ ಸೊಟ್ಟ" ಅಂದ ದುಗ್ಗ. ತಲೆ ಉಳಿದ ತಕ್ಷಣ ಬಾಯಿ ವಾಪಸ್ ಬಂದಿತ್ತು.

"ನೆಟ್ಟಗೆ ಮಾಡೋದು ನೀನು ಹೇಳ್ಕೊಡು" ಅಂದಳು ಅವಳು.

ಖುಷೀಲಿ ರಾಜ ಸೆರೆಯಲ್ಲಿದ್ದ ಇಬ್ಬರನ್ನೂ ಬಿಟ್ಟ, ದುಗ್ಗನಿಗೆ ಮಗಳನ್ನ ಕೊಟ್ಟ, ಅರಮನೆ ಹಿತ್ತಲಲ್ಲಿ ದೊಡ್ಡ ಕುಲುಮೆ ಕಟ್ಟಿಸಿಕೊಟ್ಟ. ತಾಳಿಗೆ ಕರಿಮಣಿ ಇಬ್ಬರೂ ಕೂತು ಮಾಡಿದ್ರು. ಮುಹೂರ್ತ ಮಾತ್ರ ಒಂದು ದಿನ ಮುಂದಕ್ಕೆ ಹೋಯ್ತು. ಪುರೋಹಿತರು ಎಷ್ಟೇ ಗೊಣಗಿದ್ರೂ, ಮಣಿ ಇನ್ನೂ ತಣ್ಣಗಾಗಿಲ್ಲ ಅಂತ ಹೊನ್ನಾಂಬೆ ಬೂದಿ ಮುಟ್ಟೋಕೆ ಯಾರನ್ನೂ ಬಿಡ್ಲಿಲ್ಲ.