ಪೊದೆಯೊಳಗಿನ ದನಿ

ಆಶ್ರಮದ ನಾಯಿಗೆ ಜೋಳಿಗೆ ಎಂದು ಹೆಸರು. ಆಶ್ರಮದ ಗುರು ಅಜ್ಜಾರು ಎಲ್ಲಿಗೆ ಹೊರಟರೂ ಅದು ಹೆಗಲಿನ ಜೋಳಿಗೆಯ ಹಾಗೆ ಅವರ ಮಗ್ಗುಲಲ್ಲೇ ಇರುತ್ತಿತ್ತು. ಅದಕ್ಕೇ ಯಾರೋ ತಮಾಷೆಗೆ ಹಾಗೆ ಕರೆದರು, ಅದೇ ಉಳಿಯಿತು.

ದಿನಾ ಬೆಳಗ್ಗೆ ಅಜ್ಜಾರು ಜೋಳಿಗೆಯನ್ನು ಕರೆದುಕೊಂಡು ಹೊಳೆದಂಡೆಯ ಮೇಲೆ ತಿರುಗಾಡಲು ಹೋಗುವರು. ನೆಲ ಮೂಸುತ್ತಾ ನಾಯಿ ಮುಂದೆ, ಹಕ್ಕಿ ನೋಡುತ್ತಾ ಅವರು ಹಿಂದೆ. ಆಶ್ರಮದಲ್ಲಿ ಪಾಠ ಅಂತ ಏನಾದರೂ ನಡೆದರೆ ಅದು ಈ ಹೊತ್ತಿನಲ್ಲೇ.

ದಾನೇಶ್ವರಿ ಅವರ ಶಿಷ್ಯೆ. ಪಟ್ಟಣದಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದವಳು. ಆ ಗದ್ದಲ ಸಾಕಾಗಿ, ಮನಸ್ಸು ಒಂದಿಷ್ಟು ಸುಮ್ಮನಾಗಲಿ ಎಂದು ಆಶ್ರಮಕ್ಕೆ ಬಂದಳು. ಕ್ಯಾಮೆರಾ ಮಾತ್ರ ಬಿಟ್ಟು ಬರಲಿಲ್ಲ. ಅಜ್ಜಾರೂ ಬೇಡ ಎನ್ನಲಿಲ್ಲ.

ಅವತ್ತು ಅವಳು ತಿರುಗಾಟದ ಹೊತ್ತಿಗೆ ಕಾಯದೆ ನಸುಕಿನಲ್ಲೇ ಒಬ್ಬಳೇ ಹೊಳೆಯ ಕಡೆ ಹೋದಳು. ಹೋದವಳು ಓಡುತ್ತಾ ವಾಪಸು ಬಂದಳು. ಅಜ್ಜಾರು ಅಂಗಳದಲ್ಲಿ ಮುಖ ತೊಳೆಯುತ್ತಿದ್ದರು.

“ಅಜ್ಜಾರ, ಬೇವಿನ ಮರದ ಪೊಟರ್‍ಯಾಗ ಮಡಿವಾಳ ಹಕ್ಕಿ ಮರಿ ಮಾಡ್ಯಾವಲ್ರಿ, ಅವು ಸಾಯ್ತಾವೇನೋ ಅಂತ ಹೆದರಿಕಿ ಆಗೇತಿ.”

“ಯಾಕ?”

“ಗಂಡು ಗೂಡಿನ ಕಡೆ ಹೊಳ್ಳಿ ನೋಡವಲ್ದು. ಹೆಣ್ಣು ಒಂದೇ ಹುಳ ತರಾಕತ್ತೈತಿ. ಅದು ಆ ಕಡೆ ಹೋದ ಕೂಡ್ಲೆ ಕೆಂಬೂತ ಬಂದು ಟೊಂಗಿ ಮ್ಯಾಲ ಕುಂದರ್ತೈತಿ.”

ಕೆಂಬೂತ ಬೇರೆ ಹಕ್ಕಿಗಳ ಮರಿಗಳನ್ನು ಎತ್ತಿಕೊಂಡು ಹೋಗಿ ತಿನ್ನುತ್ತದೆ. ಅದನ್ನು ಗೂಡಿನ ಹತ್ತಿರ ಸುಳಿಯದಂತೆ ಅಟ್ಟುವುದು ಗಂಡು ಹಕ್ಕಿಯ ಕೆಲಸ.

“ಗಂಡು ಎಲ್ಲೈತಿ?”

ದಾನೇಶ್ವರಿ ನೆಲ ನೋಡಿದಳು. “ಲಂಟಾನ ಪೊದಿ ಮ್ಯಾಲ.”

“ಅಲ್ಲೇನು ಮಾಡ್ತೈತಿ?”

“ಹಾಡಾಕತ್ತೈತಿ. ಪೊದಿ ಒಳಗ ನುಗ್ಗತೈತಿ, ಹೊರಗ ಬರ್ತೈತಿ, ಮತ್ತ ಹಾಡ್ತೈತಿ. ನಿನ್ನಿಯಿಂದ ಅದೇ ಆಗೇತಿ.”

ಅಜ್ಜಾರು ಬಾಯಿ ಮುಕ್ಕಳಿಸಿದರು. ಟವೆಲಿನಿಂದ ಮುಖ ಒರೆಸಿಕೊಂಡರು. ಅವರಿಗೆ ಅವಸರ ಅನ್ನುವುದು ಊಟದ ಹೊತ್ತಿನಲ್ಲಿ ಬಿಟ್ಟರೆ ಇರಲೇ ಇಲ್ಲ. ಅವಳಿಗೆ ಆ ನಿಧಾನ ನೋಡಿ ಜೀವ ಹೋದಂತಾಯಿತು.

“ಪೊದಿ ಒಳಗ ಏನಿತ್ತು?” ಎಂದು ಅಜ್ಜಾರು ಕೇಳಿದರು.

“ನಿನ್ನಿ ನನ್ನ ಫೋನ್ ಇತ್ರಿ.”

ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಅವಳೇ ಹೇಳಿದಳು.

“ಮದುವ್ಯಾಗ ‘ಇಲ್ಲಿ ನೋಡ್ರಿ’ ಅಂದ್ರ ಎಲ್ಲಾರೂ ನೋಡ್ತಾರ. ಈ ಹಕ್ಕಿ ಒಂದ್ ಸಲನೂ ನನ್ನ ಕಡೆ ಮುಖ ಮಾಡ್ಲಿಲ್ಲ. ಫೋನಿನ್ಯಾಗ ಅದರ ಜಾತಿ ಗಂಡಿನ ಹಾಡು ಸಿಗ್ತೈತಿ. ಅದನ್ನ ಹಚ್ಚಿ ಪೊದಿ ಒಳಗ ಇಟ್ಟೆ. ತನ್ನ ಜಾಗಾಕ್ಕ ಯಾರೋ ಬಂದಾರ ಅಂತ ತಿಳಕೊಂಡು ಓಡಿ ಬಂತು. ನನ್ನ ಎದುರಿಗೇ ಕುಂತು, ಬಾಲ ಎತ್ತಿ ಹಾಡ್ತು.”

“ಫೋಟೋ ಸಿಕ್ಕಿತೇನು?”

“ಸಿಕ್ತ್ರಿ.”

“ಚಲೋ ಬಂದೈತೇನು?”

“ಭಾಳ ಚಲೋ ಬಂದೈತ್ರಿ” ಎನ್ನುವಾಗ ಅವಳಿಗೆ ಅಳು ಬಂತು.

“ಹಂಗಾದ್ರ ಅಲ್ಲಿಗೇ ಯಾಕ ನಿಲ್ಲಿಸ್ಲಿಲ್ಲ?”

“ಇದಕ್ಕಿಂತ ಚಲೋ ಇನ್ನೊಂದು ಸಿಗಬಹುದು ಅನ್ನಿಸ್ತು. ಹಾಡು ಹಚ್ಚಿದೆ, ಮತ್ತ ಹಚ್ಚಿದೆ. ಈಗ ಫೋನ್ ಅಲ್ಲಿ ಇಲ್ಲ, ದನಿ ಇಲ್ಲ. ಆದ್ರೂ ಅದು ಹುಡುಕೋದು ಬಿಡವಲ್ದು. ಅಲ್ಲಿ ಯಾರೂ ಇರಲಿಲ್ಲ ಅಂತ ಅದಕ್ಕ ಹೆಂಗ ಹೇಳೋದ್ರಿ?”

ಅಜ್ಜಾರು ಕೈ ಚಾಚಿದರು. “ಫೋನ್ ತಾ ಇಲ್ಲಿ. ಕೊಡೂಕಿಂತ ಮೊದಲ ಜೋಳಿಗಿನ್ನ ದಿನಾ ಹೆಂಗ ಕರೀತಿ, ಹಂಗ ಇದರಾಗ ಕರದು ರೆಕಾರ್ಡ್ ಮಾಡು.”

“ಈಗೇನ್ರಿ? ಅಲ್ಲಿ ಮರಿ…”

“ಕರಿ.”

ನಾಯಿ ಹಿತ್ತಲಲ್ಲಿ ಅಡುಗೆಮನೆಯ ಬಾಗಿಲು ಕಾಯುತ್ತಿತ್ತು. ದಾನೇಶ್ವರಿ ಫೋನನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಕರೆದಳು. “ಜೋಳಿಗಿ, ಬಾ ಬಾ, ಬಾರೋ ನನ್ನಪ್ಪಾ.” ದನಿ ನಡುಗುತ್ತಿತ್ತು. ಫೋನು ಆ ನಡುಕವನ್ನೂ ಹಿಡಿದುಕೊಂಡಿತು.

“ಒಳಗ ಹೋಗಿ ಕಿಡಕ್ಯಾಗಿಂದ ನೋಡು. ಸೊಲ್ಲೆತ್ತಬ್ಯಾಡ.”

ಅವಳು ಒಳಗೆ ಹೋದಳು. ಅಜ್ಜಾರು ಫೋನನ್ನು ಬೇಲಿಯ ಜಾಲಿಕಂಟಿಯೊಳಗೆ ಇಟ್ಟು, ದೊಡ್ಡದಾಗಿ ಹಚ್ಚಿ, ದೂರ ಬಂದು ಕಟ್ಟೆಯ ಮೇಲೆ ಕೂತರು.

ಜೋಳಿಗೆ ಹಿತ್ತಲಿಂದ ಬಾಲ ಅಲ್ಲಾಡಿಸುತ್ತಾ ಓಡಿ ಬಂತು. ಅಂಗಳದ ನಡುವೆ ನಿಂತು ಸುತ್ತ ನೋಡಿತು. ಕಂಟಿಯೊಳಗಿಂದ ದಾನೇಶ್ವರಿ ಕರೆದಳು. ಅದು ಬೇಲಿಗೆ ಹೋಗಿ ಮೂಗು ತೂರಿಸಿತು, ಮುಳ್ಳು ಚುಚ್ಚಿಸಿಕೊಂಡು ಹಿಂದೆ ಸರಿಯಿತು. ಬೇಲಿಯ ಆಚೆ ಕಡೆಯಿಂದ ನೋಡಿತು. ಮತ್ತೆ ಈ ಕಡೆ ಬಂತು. ಅವಳ ದನಿ ಇತ್ತು, ಅವಳ ವಾಸನೆ ಇರಲಿಲ್ಲ. ಪಾಪ, ಅದಕ್ಕೆ ಏನೂ ತಿಳಿಯಲಿಲ್ಲ.

ಬಾ ಬಾ, ಬಾರೋ ನನ್ನಪ್ಪಾ, ಎಂದು ಕಂಟಿ ಕರೆಯುತ್ತಲೇ ಇತ್ತು.

ದಾನೇಶ್ವರಿಗೆ ತಡೆಯಲಾಗಲಿಲ್ಲ. ಹೊರಗೆ ಓಡಿ ಬಂದಳು. “ಜೋಳಿಗಿ, ನಾ ಇಲ್ಲಿ ಅದೀನೋ.”

ನಾಯಿ ತಿರುಗಿ ನೋಡಿ, ಕಿವಿ ಮಡಚಿ, ಅವಳ ಕಡೆ ನಾಲ್ಕು ಹೆಜ್ಜೆ ಬಂತು. ಬೆನ್ನ ಹಿಂದೆ ಕಂಟಿಯೊಳಗಿಂದ ಅವಳೇ ಮತ್ತೆ ಕರೆದಳು. ಅದು ನಿಂತುಬಿಟ್ಟಿತು. ಅವಳನ್ನು ನೋಡಿತು, ಕಂಟಿಯನ್ನು ನೋಡಿತು. ಎತ್ತ ಹೋಗಬೇಕೆಂದು ತಿಳಿಯದೆ ಅಲ್ಲೇ ಕುಂಯ್‌ಗುಟ್ಟುತ್ತಾ ನಿಂತಿತು.

“ಬಂದ್ ಮಾಡ್ರಿ ಅಜ್ಜಾರ. ನಿಮ್ಮ ಕಾಲಿಗೆ ಬೀಳ್ತೀನಿ, ಬಂದ್ ಮಾಡ್ರಿ.”

ಅವರು ಎದ್ದು ಹೋಗಿ ಬಂದ್ ಮಾಡಿದರು. ದನಿ ನಿಂತ ಮೇಲೂ ಜೋಳಿಗೆ ಬೇಲಿಯ ಹತ್ತಿರ ಹೋಗಿ ಇನ್ನೊಂದು ಸುತ್ತು ಹುಡುಕಿತು.

ಅದರ ಮೂಗಿನ ಮೇಲೆ ಗೀರು ಬಿದ್ದು ರಕ್ತ ಕಂಡಿತ್ತು. ಅಜ್ಜಾರು ಒಳಗಿನಿಂದ ಅರಿಸಿನ ತಂದು ಹಚ್ಚಿದರು. “ತಪ್ಪಾತಪ್ಪಾ, ನನ್ನಿಂದ ತಪ್ಪಾತು” ಎಂದು ನಾಯಿಗೆ ಹೇಳಿ, ತಮ್ಮ ಪಾಲಿನ ರೊಟ್ಟಿ ಮುರಿದು ಹಾಕಿದರು. ಜೋಳಿಗೆ ರೊಟ್ಟಿ ತಿನ್ನುವಾಗಲೂ ಎರಡು ಸಲ ಬೇಲಿಯ ಕಡೆ ನೋಡಿತು.

“ತಿಳೀತ್ರಿ” ಎಂದಳು ದಾನೇಶ್ವರಿ. “ಆದ್ರ ಮರಿಗೋಳ ಗತಿ? ನಾ ಹೋಗಿ ಮರದ ಬುಡಕ್ಕೇ ಕುಂದರ್ತೀನಿ. ಕೆಂಬೂತ ಬಂದ್ರ ಓಡಿಸ್ತೀನಿ.”

“ನೀ ಬುಡಕ್ಕ ಕುಂತ್ರ ಹೆಣ್ಣು ಗೂಡಿಗೆ ಬರ್ತೈತೇನು?”

“ಹಂಗಾದ್ರ ದೂರ ಕುಂತು ನೋಡ್ತೀನಿ. ದೊಡ್ಡ ಲೆನ್ಸ್ ಐತಿ.”

“ಆ ದನಿ ಬಂದಾಗ ಅಲ್ಲಿ ಇದ್ದಾಕಿ ನೀನು. ನಿನ್ನ ಕಂಡ್ರ ಗಂಡು ಮತ್ತ ಪೊದಿ ಹುಡುಕ್ತೈತಿ.”

“ಮತ್ತ ನಾ ಏನು ಮಾಡ್ಲಿ?”

ಅಜ್ಜಾರು ನಾಯಿಯ ಕೊರಳಿಗೆ ಹಗ್ಗ ಹಾಕಿದರು. ಆಶ್ರಮದ ಬಾಗಿಲಿನ ಮುಂದೆ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಬೇವಿನ ಮರ, ಬಲಕ್ಕೆ ಹೋದರೆ ಉಸುಕಿನ ದಂಡೆ. ಜೋಳಿಗೆ ರೂಢಿಯಂತೆ ಎಡಕ್ಕೆ ಎಳೆಯಿತು. ಅಜ್ಜಾರು ಬಲಕ್ಕೆ ತಿರುಗಿಸಿದರು.

“ಇನ್ನ ಮ್ಯಾಲ ಆ ದಾರಿ ಬ್ಯಾಡ. ನನಗೂ ಬ್ಯಾಡ, ನಿನಗೂ ಬ್ಯಾಡ, ಇದಕ್ಕೂ ಬ್ಯಾಡ.”

“ಎಲ್ಲೀತನಕ?”

“ಮರಿ ಹಾರೂತನಕ.”

ಅವಳು ಹಿಂದೆ ಹಿಂದೆ ನೋಡುತ್ತಾ ನಡೆದಳು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಮಿಂಚುಳ್ಳಿ ಕೂತಿತ್ತು, ಅದೂ ಇವಳ ಕಡೆಗೇ ಮುಖ ಮಾಡಿ. ಕ್ಯಾಮೆರಾ ಎತ್ತುವ ಮನಸ್ಸಾಗಲಿಲ್ಲ.

ಮುಂದಿನ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಬೆಳಗ್ಗೆ ಬೇವಿನ ಮರದ ಕಡೆಯಿಂದ ಗಂಡು ಹಕ್ಕಿಯ ಹಾಡು ಕೇಳಿಸುತ್ತಿತ್ತು. ಅದು ದಿನದ ಹಾಡೋ, ಇಲ್ಲದ ವೈರಿಯ ಮೇಲೆ ಇನ್ನೂ ನಡೆದಿರುವ ಜಗಳವೋ, ಅಷ್ಟು ದೂರದಿಂದ ತಿಳಿಯುತ್ತಿರಲಿಲ್ಲ. ಹಾಡು ಕೇಳಿದರೂ ಎದೆ ಹೊಡೆದುಕೊಳ್ಳುತ್ತಿತ್ತು, ಕೇಳದಿದ್ದರೂ ಹೊಡೆದುಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ಕ್ಯಾಮೆರಾದಲ್ಲಿ ಆ ಫೋಟೋ ತೆಗೆದು ನೋಡಿದಳು. ಕಪ್ಪು ಎದೆ, ಬಿಳಿ ಹೊಟ್ಟೆ, ಎತ್ತಿದ ಬಾಲ, ತೆರೆದ ಕೊಕ್ಕು. ಹಾಡುತ್ತಿದೆ ಎಂದುಕೊಂಡಿದ್ದಳು. ಈಗ ನೋಡಿದರೆ ಅದು ಬೈಯುತ್ತಿತ್ತು.

ಕ್ಯಾಮೆರಾ ಅಲ್ಲೇ ಇಟ್ಟು ಎದ್ದಳು. ಅಜ್ಜಾರು ಮಲಗಿದ್ದರು. ಒಂದೇ ಒಂದು ಸಲ, ದೂರದಿಂದ, ಎಂದು ತನಗೆ ತಾನೇ ಹೇಳಿಕೊಂಡು ಎಡದ ದಾರಿ ಹಿಡಿದಳು.

ತಿರುವಿನ ತನಕ ಹೋದಳು. ಇನ್ನು ಹತ್ತಿಪ್ಪತ್ತು ಹೆಜ್ಜೆ ಹಾಕಿದರೆ ಪೊಟರೆ ಕಾಣುತ್ತಿತ್ತು. ಆಗ ಬೇವಿನ ಮರದ ಕಡೆಯಿಂದಲೇ ಕೆಂಬೂತ ಊಂ ಊಂ ಎಂದು ಕೂಗಿತು.

ಅವಳ ಕಾಲುಗಳು ಓಡಲು ಎದ್ದವು. ಓಡಿ ಹೋಗಿ ಒಂದು ಕಲ್ಲು ಬೀರಿದರೆ ಅದು ಹಾರಿ ಹೋಗುತ್ತದೆ. ಆದರೆ ಗಂಡು ಇವಳನ್ನು ಕಾಣುತ್ತದೆ. ಈಗಷ್ಟೇ ಮರೆತು ಗೂಡಿಗೆ ಬಂದಿದ್ದರೆ? ಅಥವಾ ಬಂದೇ ಇಲ್ಲದಿದ್ದರೆ, ಕೆಂಬೂತ ಈ ಹೊತ್ತಿನಲ್ಲೇ ಒಳಗೆ ಕೊಕ್ಕು ಹಾಕುತ್ತಿದ್ದರೆ?

ಬಿಸಿಲಿನಲ್ಲಿ ಅಲ್ಲೇ ನಿಂತಳು. ಕೆಂಬೂತ ಮತ್ತೆ ಕೂಗಲಿಲ್ಲ. ಹೋಯಿತೋ, ಒಳಗೆ ಹೊಕ್ಕಿತೋ ಗೊತ್ತಾಗಲಿಲ್ಲ. ಕೊನೆಗೆ ಅವಳು ನೋಡದೆ ಹಿಂದಿರುಗಿದಳು.

ಅಜ್ಜಾರು ಎದ್ದು ಕಟ್ಟೆಯ ಮೇಲೆ ಕೂತು ಜೋಳಿಗೆಯ ಕಿವಿಯಿಂದ ಉಣ್ಣಿ ತೆಗೆಯುತ್ತಿದ್ದರು. ಅವಳು ಅವರ ಕಾಲ ಬಳಿ ಕುಸಿದು ಕೂತಳು.

“ತಿರುವಿನ ತನಕ ಹೋಗಿದ್ದೆ ಅಜ್ಜಾರ. ಕೆಂಬೂತ ಕೂಗ್ತು. ನಾ ಹೊಳ್ಳಿ ಬಂದೆ.”

ಅವರು ತಲೆಯಾಡಿಸಿದರು.

“ಬಂದದ್ದು ಚಲೋ ಆತೋ ಕೆಟ್ಟಾತೋ?”

“ನನಗೂ ಗೊತ್ತಿಲ್ಲ.”

“ನಿಮಗೂ ಗೊತ್ತಿಲ್ಲ ಅಂದ್ರ ಹೆಂಗ್ರಿ?”

ಅಜ್ಜಾರು ಇನ್ನೊಂದು ಉಣ್ಣಿ ಹುಡುಕಿದರು. ನಾಯಿ ಕಣ್ಣು ಮುಚ್ಚಿ ಕಿವಿ ಕೊಟ್ಟುಕೊಂಡಿತ್ತು. ದಾನೇಶ್ವರಿ ಅಳುತ್ತಿದ್ದಳು.

“ಮಾಡಬಾರದ್ದು ಮಾಡೀನಿ, ಖರೆ. ಮರಿ ಬದುಕ್ಯಾವೋ ಸತ್ತಾವೋ ಅನ್ನೋದಾದ್ರೂ ನನಗ ಗೊತ್ತಾಗಬ್ಯಾಡೇನ್ರಿ?”

“ಬದುಕಿದ್ರ ಅವಕ್ಕ ಗೊತ್ತಿರ್ತೈತಿ, ತಂಗಿ. ಅಷ್ಟ ಸಾಕು.”